ಕುಡಿಯದೆ ಬಿಟ್ಟ ತಂಬಿಗೆ ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ನೀರು, ಜೊತೆಗೊಂದು ಚೂರು ಬೆಲ್ಲ. ಯಾರು, ಯಾವೂರು, ಯಾಕೆ ಬಂದಿರಿ ಎಂಬ ಮಾತೆಲ್ಲ ಆಮೇಲೆ. ಜಗಳಕ್ಕೆ ಬಂದವನಿಗೂ ತಂಬಿಗೆ ಮುಂದಿಟ್ಟು, ಅವನು ಕುಡಿದು ಮೀಸೆ ಒರೆಸಿಕೊಂಡ ಮೇಲೆಯೇ ಜಗಳ ಶುರು. ಆ ನೀರನ್ನು ಬೇಡ ಅಂದರೆ ಆ ಮನೆಯನ್ನೇ ಬೇಡ ಅಂದಂತೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಹದಿನಾಲ್ಕು ವರ್ಷ ಊರೂರು ತಿರುಗಿ ನೀರು ಬೇಡ, ನೀರು ಬೇಡ ಎನ್ನುತ್ತಲೇ ಬಂದೆ. ಅದೂ ನೀರಿನ ನೌಕರಿಯಲ್ಲಿ ಇದ್ದುಕೊಂಡು.

ನನ್ನ ಕೆಲಸ ಕುಡಿಯುವ ನೀರಿನ ತಪಾಸಣೆ. ಮನೆ ಶಿಗ್ಗಾಂವಿಯಲ್ಲಿ. ಸುತ್ತ ಹಾನಗಲ್, ಸವಣೂರು, ಹಿರೇಕೆರೂರು ತಾಲೂಕಿನ ಹಳ್ಳಿಗಳಿಗೂ ನನ್ನ ಸ್ಕೂಟಿಯೇ ಹೋಗಬೇಕು. ಹಿಂದಿನ ಸೀಟಿಗೆ ಒಂದು ನೀಲಿ ಪೆಟ್ಟಿಗೆ ಬಿಗಿದಿರುತ್ತೇನೆ. ಅದರಲ್ಲಿ ಎರಡು ಮುಖ್ಯ ಸಾಮಾನು. ಒಂದು, ಹನಿ ಹಾಕುವ ಔಷಧಿ. ನೀರಿಗೆ ಸಾಕಷ್ಟು ಕ್ಲೋರಿನ್ ಬಿದ್ದಿದ್ದರೆ ಇದನ್ನು ಹಾಕಿದ ಕೂಡಲೇ ನೀರು ಹಳದಿಯಾಗುತ್ತದೆ. ಶಾಲೆಯ ಮಕ್ಕಳು ಇದಕ್ಕೆ 'ಮೇಡಮ್ಮಾರು ನೀರಿಗೆ ಅರಿಷಿಣ ಹಚ್ಚಾಕತ್ತಾರ' ಎಂದು ನಗುತ್ತವೆ. ಇನ್ನೊಂದು, ಬೆರಳುದ್ದದ ಸೀಸೆಗಳು. ಅದರಲ್ಲಿ ನೀರು ತುಂಬಿ ಬೆಚ್ಚಗೆ ಒಂದು ದಿನ ಇಟ್ಟರೆ, ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಕಪ್ಪಾಗದಿದ್ದರೆ 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕುತ್ತೇನೆ.

ಆದರೆ ನಾನು ಕುಡಿಯುತ್ತಿರಲಿಲ್ಲ. ಕಾರಣ ಮುಚ್ಚಿಡುವುದೇನಿದೆ? ಬೆಳಿಗ್ಗೆ ಎಂಟಕ್ಕೆ ಸ್ಕೂಟಿ ಹತ್ತಿದರೆ ಮನೆ ಸೇರುವುದು ಸಂಜೆ ಆರಕ್ಕೆ. ನಡುವೆ ಐದಾರು ಊರು. ಗಂಡಸರಿಗೆ ಬೇಲಿಯೂ ಸಾಕು, ಜಾಲಿಗಿಡವೂ ಸಾಕು. ನಾನೆಲ್ಲಿಗೆ ಹೋಗಲಿ? ನೌಕರಿ ಸೇರಿದ ಹೊಸತರಲ್ಲಿ ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ ತಡೆಯಲಾರದೆ ಒಂದು ಮನೆಯಲ್ಲಿ ಕೇಳಿದೆ. 'ಅದಕ್ಕೇನ್ರಿ, ಐತಿ ಐತಿ, ಬರ್ರಿ' ಎಂದರು. ಸಂಡಾಸಿನ ಬಾಗಿಲು ತೆಗೆದರೆ ಒಳಗೆ ಮಾಳಿಗೆ ಮುಟ್ಟುವಷ್ಟು, ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಒಟ್ಟಿದ್ದಾರೆ. ಮನೆಮಂದಿಯೆಲ್ಲ ಸೇರಿ ಬುಟ್ಟಿ ಬುಟ್ಟಿ ಹೊರಗೆ ಹಾಕಿದರು. ಮೂಲೆಯಲ್ಲಿ ಕಾವಿಗೆ ಕೂತ ಹೇಂಟೆಯನ್ನು ಮೊಟ್ಟೆಸಮೇತ ಎತ್ತಿದರು. ಓಣಿಯವರು 'ಯಾಕ, ಏನಾತು' ಎಂದು ಕೇಳಿದ್ದಕ್ಕೆ ಆ ಮನೆಯ ಯಜಮಾನರು 'ಮೇಡಮ್ಮಾರಿಗೆ ಬಂದೈತಂತ' ಎಂದು ಊರಿಗೆಲ್ಲ ಕೇಳುವ ಹಾಗೆ ಸಾರಿದರು. ಅವತ್ತೇ ನಿಶ್ಚಯ ಮಾಡಿದೆ. ಇನ್ನು ಮೇಲೆ ಕೇಳುವ ಪ್ರಸಂಗವೇ ಬರಬಾರದು, ಅದಕ್ಕೆ ನೀರೇ ಒಳಗೆ ಹೋಗಬಾರದು.

ತುಟಿ ಒಡೆಯುತ್ತಿತ್ತು, ಮಧ್ಯಾಹ್ನ ತಲೆ ಸಿಡಿಯುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಬಾಯಾರಿದಾಗಂತೂ ಪಂಚಾಯಿತಿಯವರು ನನ್ನ ಸ್ಕೂಟಿಯ ಸದ್ದು ಕೇಳಿದರೆ ಕಡತ ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದರು. ಆದರೂ ಹದಿನಾಲ್ಕು ವರ್ಷ ಹಾಗೆಯೇ ನಡೆಯಿತು. ಹೋದ ವರ್ಷದ ಬೇಸಿಗೆಯಲ್ಲಿ ಅದು ಒಂದು ಊರಿನ ಕುತ್ತಿಗೆಗೆ ಬಂತು.

ಯಲವಿಗಿ ಸ್ಟೇಷನ್ ದಾಟಿ ಒಳದಾರಿ ಹಿಡಿದರೆ ಸಿಗುವ ಊರು ಅದು. ಹೆಸರು ಬೇಡ. ಅಲ್ಲಿ ನೀರು ಬಿಡುವ ವಾಟರ್‌ಮನ್ ಐವತ್ತರ ಆಸುಪಾಸಿನ ಮನುಷ್ಯ, ನಾನು ಕಂಡ ವಾಟರ್‌ಮನ್‌ಗಳಲ್ಲೇ ಅಚ್ಚುಕಟ್ಟಿನವನು. ಬೇರೆ ಕಡೆ ನೀರಿನ ಟಾಕಿ ತೊಳೆದ ದಿನಾಂಕ ಕೇಳಿದರೆ ಆಕಾಶ ನೋಡುತ್ತಾರೆ. ಇವನು ಟಾಕಿಯ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ದಿನಾಂಕ ಬರೆದು, ಸುತ್ತ ಹೂಬಳ್ಳಿ ಬೇರೆ ಬಿಡಿಸಿದ್ದ. ಆ ಸೋಮವಾರ ಟಾಕಿಯ ನೀರು, ಕೊನೆಯ ಓಣಿಯ ನಲ್ಲಿಯ ನೀರು ಎರಡಕ್ಕೂ ಹನಿ ಹಾಕಿದೆ. ಎರಡೂ ಹದವಾಗಿ ಹಳದಿಯಾದವು. ಸೀಸೆ ತುಂಬಿಕೊಂಡೆ. ಅವನನ್ನು ಬಾಯಿಬಿಟ್ಟು ಹೊಗಳಿದೆ, ಅದು ನನ್ನಲ್ಲಿ ಅಪರೂಪ.

ಹೊಗಳಿದ್ದೇ ತಪ್ಪಾಯಿತು. ಮನೆಗೆ ಬರಲೇಬೇಕೆಂದು ಹಟ ಹಿಡಿದ. ಮನೆ ಟಾಕಿಯ ಎದುರಿಗೇ. ಅವನ ಮುದಿತಾಯಿ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದಳು. ಅವನ ಮಗಳು ಬಾಣಂತನಕ್ಕೆ ಬಂದಿದ್ದಳು. ಇಪ್ಪತ್ತು ದಿನದ ಕೂಸನ್ನು ಮುದುಕಿ ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟಳು. ತಾಯಿಗೆ ಜ್ವರ ಬಂದು ಹಾಲು ಸಾಲದೆ, ಡಾಕ್ಟರು ಪುಡಿಹಾಲು ಬರೆದುಕೊಟ್ಟಿದ್ದಾರೆ ಎಂದೂ ಹೇಳಿದಳು. ಕೂಸಿನ ಪಕ್ಕದಲ್ಲಿ ಹಾಲಿನ ಬಾಟಲಿ ಇತ್ತು. ಆಮೇಲೆ ಮಾಮೂಲಿನಂತೆ ತಟ್ಟೆಯಲ್ಲಿ ಬೆಲ್ಲ, ತಳತಳ ಬೆಳಗಿದ ತಂಬಿಗೆಯಲ್ಲಿ ನೀರು ಬಂತು. ಬೆಲ್ಲ ಬಾಯಿಗೆ ಹಾಕಿಕೊಂಡೆ. ತಂಬಿಗೆಗೆ ಅಂಗೈ ಅಡ್ಡ ಹಿಡಿದು, 'ಬ್ಯಾಡಬೇ ಯವ್ವಾ, ಈಗ ಬ್ಯಾಡ' ಎಂದೆ.

'ಒಂದ ಗುಟುಕರ ಕುಡೀವಾ,' ಎಂದಳು.

'ಬ್ಯಾಡಂದ್ನೆಲ್ಲ!' ಎಂದು ಸ್ವಲ್ಪ ಜೋರಾಗಿಯೇ ಅಂದು ಎದ್ದೆ. ಇನ್ನೂ ನಾಲ್ಕು ಊರು ಬಾಕಿ ಇದ್ದವು. ಸುತ್ತ ಹತ್ತು ಹನ್ನೆರಡು ಜನ ನಿಂತು ನೋಡುತ್ತಿದ್ದರು, ಯಾರೋ ಮೊಬೈಲ್ ಎತ್ತಿ ಫೋಟೊ ಹಿಡಿಯುತ್ತಿದ್ದರು. ತಪಾಸಣೆಗೆ ಹೋದಲ್ಲೆಲ್ಲ ಫೋಟೊ ಇದ್ದದ್ದೇ, ನಾನು ಗಮನ ಕೊಡಲಿಲ್ಲ.

ಮಂಗಳವಾರ ಸೀಸೆಗಳು ಬಣ್ಣ ಬದಲಿಸಲಿಲ್ಲ. ಬುಧವಾರ 'ಯೋಗ್ಯ' ಎಂದು ಬರೆದು ಪಂಚಾಯಿತಿಗೆ ಕಳಿಸಿದೆ. ಗುರುವಾರ ಬೆಳಿಗ್ಗೆ ವಾಟರ್‌ಮನ್‌ನ ಫೋನು.

'ಮೇಡಮ್ಮಾರ, ನಮ್ಮ ನೀರಿನ ರಿಪೋರ್ಟ್ ಏನ ಬಂತ್ರಿ?'

'ಚಲೋ ಬಂದೈತಿ. ಕಳಿಸೇನಲ್ಲ, ಯಾಕ?'

'ಹಂಗಾರ ನೀವ್ಯಾಕ ಕುಡೀಲಿಲ್ರಿ?'

ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. 'ನೀರು ನೋಡಾಕ ಬಂದಾಕಿನ ನೀರು ಬ್ಯಾಡಂದ್ಲು ಅಂದ್ರ ಒಳಗ ಏನೋ ಐತಿ ಅಂತಾರ್ರಿ ಮಂದಿ. ನಿಮ್ಮ ಫೋಟೊ ಮೊಬೈಲ್‌ನ್ಯಾಗ ಊರೆಲ್ಲಾ ತಿರಗ್ಯಾಡಾಕತ್ತೈತಿ. ಸೋಮವಾರ ಸಂಜೀಲಿಂದ ನಳದ ನೀರು ಯಾರೂ ಮುಟ್ಟವಲ್ರು. ಹಳೇ ಬಾವಿ ಜಾಳಗಿ ಕಿತ್ತು ಅದನ್ನ ಸೇದಾಕತ್ತಾರ್ರಿ.'

ಆ ಬಾವಿ ನನಗೆ ಗೊತ್ತು. ಪಕ್ಕದಲ್ಲೇ ಬಟ್ಟೆ ಒಗೆಯುವ ಕಲ್ಲು, ಒಳಗೋಡೆಯ ಪೊಟರೆ ತುಂಬ ಪಾರಿವಾಳ. ಐದು ವರ್ಷದ ಹಿಂದೆ ನಾನೇ 'ಅಯೋಗ್ಯ' ಎಂದು ಬರೆದು, ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿದ್ದೆ. ಸಿಟ್ಟು ನೆತ್ತಿಗೇರಿತು.

'ಮೂರ ದಿನ ಬಾಯಿಗೆ ಬೀಗಾ ಹಾಕ್ಕೊಂಡು ಕುಂತಿದ್ರೇನ? ಅವತ್ತ ಫೋನ್ ಮಾಡಾಕ ಏನಾಗಿತ್ತು ನಿಮಗ?'

ಅವನು ಬೈಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, 'ನಮ್ಮ ಮನ್ಯಾಗ ನಮ್ಮವ್ವನೂ ಬಾವಿ ನೀರು ತರಾಕತ್ತಾಳ್ರಿ. ನೀರು ಬಿಡಾಂವ ನಾನು, ನನ್ನ ಮಾತ ಕೇಳವಲ್ಲಳು. ಮೇಡಮ್ಮಾರಿಗೆ ಬ್ಯಾಡಾದ ನೀರು ನಮಗ್ಯಾಕ ಅಂತಾಳ' ಎಂದ.

ಕಣ್ಣಿಗೆ ಕಟ್ಟಿದ್ದು ಒಂದೇ, ಆ ಹಾಲಿನ ಬಾಟಲಿ. ಇಪ್ಪತ್ತು ದಿನದ ಕೂಸು. ಆ ಬಾವಿಯ ನೀರಲ್ಲಿ ಪುಡಿ ಕಲಸಿ ಮೂರು ದಿನದಿಂದ ಕುಡಿಸುತ್ತಿದ್ದಾರೆ. ಕೂಸು ಹೇಗಿದೆ ಎಂದು ಕೇಳಲು ಬಾಯಿ ತೆರೆದೆ, ಧೈರ್ಯ ಬರಲಿಲ್ಲ. 'ಬರ್ತೇನಿ ತಡೀರಿ' ಎಂದಷ್ಟೇ ಹೇಳಿ ಫೋನು ಇಟ್ಟೆ.

ಶಿಗ್ಗಾಂವಿಯಿಂದ ಸವಣೂರಿನ ತನಕ ಯಾರನ್ನು ಬೈಯುವುದು ಎಂದು ಹುಡುಕುತ್ತ ಹೋದೆ. ಮೊದಲು ಆ ಫೋಟೊ ಹಿಡಿದವನನ್ನು ಬೈದೆ. ಆಮೇಲೆ ಮಾತು ಕೇಳದ ಮುದುಕಿಯನ್ನು. ಆಮೇಲೆ ಜಾಳಿಗೆ ಕಿತ್ತವರನ್ನು. ಸವಣೂರು ದಾಟಿದ ಮೇಲೆ ಬೈಯಲು ನಾನೊಬ್ಬಳೇ ಉಳಿದೆ. ಒಂದು ಗುಟುಕು ಕುಡಿದಿದ್ದರೆ ಆಗುತ್ತಿತ್ತು. ತಂಬಿಗೆಗೆ ತುಟಿ ಹಚ್ಚಿ ಇಟ್ಟಿದ್ದರೂ ಆಗುತ್ತಿತ್ತು.

ಊರಿಗೆ ಹೋದಾಗ ಟಾಕಿಯ ಕೆಳಗಿನ ಸಾಲುನಲ್ಲಿಗಳ ಹತ್ತಿರ ಒಂದು ಕೊಡವೂ ಇರಲಿಲ್ಲ. ಮೊದಲು ಬಾವಿಗೆ ಹೋದೆ. ಹಗ್ಗ, ಗಾಲಿ, ಹೆಂಗಸರ ಸಾಲು ಎಲ್ಲ ಇತ್ತು. 'ಬಾವಿ ನೀರು ಸೀ ಐತ್ರಿ, ನಳದ ನೀರು ಔಷಧ ನಾರತೈತಿ' ಎಂದು ಒಬ್ಬಳು ನನಗೇ ಪಾಠ ಹೇಳಿದಳು. ಹನಿ ಹಾಕಿದರೆ ನೀರು ಬೆಳ್ಳಗೇ ಉಳಿಯಿತು, ಕ್ಲೋರಿನ್ನಿನ ಸುಳಿವೇ ಇಲ್ಲ. ಸೀಸೆ ತುಂಬಿಕೊಂಡೆ. ಅದು ನಾಳೆ ಏನಾಗುತ್ತದೆ ಎಂಬುದು ನನಗೆ ಇವತ್ತೇ ಗೊತ್ತಿತ್ತು.

ವಾಟರ್‌ಮನ್ ಡಂಗುರ ಹೊಡೆಸಿ ಜನರನ್ನು ಟಾಕಿಯ ಕಟ್ಟೆಗೆ ಕರೆದ. ನಾನು ವರದಿಯ ಕಾಗದ ತೆಗೆದು ಓದಿದೆ. ನಲ್ಲಿ ನೀರು ಶುದ್ಧವಿದೆ, ಬಾವಿ ನೀರು ಹೊಟ್ಟೆಗೆ ವಿಷ, ಸಹಿ ನನ್ನದೇ ಇದೆ ಎಂದೆಲ್ಲ ಹೇಳಿದೆ. ಯಾರೂ ಕದಲಲಿಲ್ಲ. ಊರಿನಲ್ಲಿ ಎಲ್ಲರೂ ಚಾಚಾ ಎಂದು ಕರೆಯುವ ವೀಳ್ಯದೆಲೆ ವ್ಯಾಪಾರದ ಮುದುಕರೊಬ್ಬರು ಮುಂದೆ ಕೂತಿದ್ದರು. ಅವರು ಕಾಗದವನ್ನು ಕೈಗೆ ತೆಗೆದುಕೊಂಡು, ಮರ್ಯಾದೆಯಿಂದಲೇ ಮಡಚಿ ವಾಪಸು ಕೊಟ್ಟರು.

'ಕಾಗದಾ ಓದಾಕ ಬರ್ತೈತಿ ಮೇಡಂ, ಕುಡಿಯಾಕ ಬರ್ತೈತೇನ್ರಿ? ಹೇಳೂದು ಶಾಸ್ತ್ರ, ತಿನ್ನೂದು ಬದ್ನಿಕಾಯಿ ಆತಲ್ರಿ ಇದು.'

ಮಾತಿಗೆ ಮಾತು ಬೆಳೆಸದೆ ವಾಟರ್‌ಮನ್‌ನ ಮನೆಯಿಂದ ತಂಬಿಗೆ ತರಿಸಿ, ನಲ್ಲಿಯ ಬುಡಕ್ಕೆ ಹೋಗಿ ತುಂಬಿ, ನಿಂತಲ್ಲೇ ಪೂರ್ತಿ ಕುಡಿದೆ. ಇನ್ನೊಂದು ತುಂಬಿ ಅದನ್ನೂ ಕುಡಿದೆ. ಗಲ್ಲದಿಂದ ಇಳಿದು ಸೀರೆ ಒದ್ದೆಯಾಯಿತು. ಕೆಲಸ ಮುಗಿಯಿತು ಅಂದುಕೊಂಡೆ.

ಚಾಚಾ ತಲೆ ಅಲ್ಲಾಡಿಸಿದರು. 'ಈಗ ಕುಡಿದ್ರಿ, ಖರೆ. ನೌಕರಿ ಸಲುವಾಗಿ ಮನುಷ್ಯಾ ಏನ ಬೇಕಾದ್ದು ಕುಡೀತಾನ. ಅವತ್ತ ಯಾಕ ಬ್ಯಾಡಂದ್ರಿ, ಅದನ್ನ ಹೇಳ್ರಿ.'

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸೋಮವಾರದ ಉಪವಾಸ ಎನ್ನಬಹುದಿತ್ತು, ಆದರೆ ಅವರೆದುರಿಗೇ ಬೆಲ್ಲ ತಿಂದಿದ್ದೆ. ಮೇಲಾಗಿ ಉಪವಾಸದವರು ನೀರು ಬಿಡುವುದಿಲ್ಲ. ಗಂಟಲು ನೋವು ಎನ್ನಬಹುದಿತ್ತು, ಆದರೆ ಅವತ್ತು ನಾನು ಗಂಟಲು ಬಿಟ್ಟು ಗದರಿದ್ದನ್ನು ಎಲ್ಲರೂ ಕೇಳಿದ್ದರು. ಎದುರಿಗೆ ಊರಿನ ಹಿರಿಯರು, ಪಡ್ಡೆ ಹುಡುಗರು, ಹಿಂದೆ ಕೊಡ ಹಿಡಿದ ಹೆಂಗಸರು. ಸುಳ್ಳು ಹುಡುಕುತ್ತ ನಿಂತರೆ ಇನ್ನೊಂದು ಕೊಡ ಬಾವಿ ನೀರು ಇನ್ನೊಂದು ಮನೆಗೆ ಹೋಗುತ್ತದೆ. ನಾಚಿಕೆ ಸಿಟ್ಟಾಗಿ ಬಾಯಿಗೆ ಬಂತು.

'ಕುಡಿದ್ರ ಹೋಗಾಕ ನನಗ ಎಲ್ಲಿ ಐತ್ರಿ? ದಿನಾ ಐದಾರು ಊರು ತಿರಗ್ತೇನಿ, ದಾರ್ಯಾಗ ಒಂದ ಸಂಡಾಸ ಇಲ್ಲ. ನೀವು ಗಂಡಸ್ರು ಗಿಡದ ಮರೀಗೆ ನಿಲ್ತೀರಿ, ನಾನೆಲ್ಲಿ ಕುಂದರ್ಲಿ? ಅದಕ್ಕ ಮುಂಜಾನಿಂದ ಸಂಜೀತನಕ ಯಾರ ಮನಿ ನೀರೂ ಕುಡಿಯಂಗಿಲ್ಲ. ನಿಮ್ಮ ನೀರಿಗೆ ಏನೂ ಆಗಿಲ್ಲ, ನನಗ ಜಾಗಾ ಇಲ್ಲ!'

ಗಂಡಸರೆಲ್ಲ ಏಕಕಾಲಕ್ಕೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಹಿಂದಿನಿಂದ ಮೊದಲು ಒಂದು ಕಿಸಕ್ಕನೆ ನಗೆ, ಆಮೇಲೆ ಹೆಂಗಸರ ಗುಂಪಿಗೆ ಗುಂಪೇ ನಕ್ಕಿತು. ಬಾವಿಯ ಹತ್ತಿರ ನನಗೆ ಪಾಠ ಹೇಳಿದವಳೇ ಕೊಡ ಹೊತ್ತು ಮುಂದೆ ಬಂದಳು.

'ಅಯ್ಯ, ಇಷ್ಟ ಏನ್ರಿ? ನಾವೂ ಸವಣೂರ ಸಂತಿಗೆ ಹೋಗೂ ದಿನ ಚಾ ಸುದ್ದಾ ಕುಡಿಯಂಗಿಲ್ಲ ತಗೋರಿ,' ಎಂದು ಕೊಡದ ಬಾವಿನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದು, ನಲ್ಲಿಯ ಕೆಳಗೆ ಕೊಡ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು. ವಾಟರ್‌ಮನ್ ಓಡಿಹೋಗಿ ಉಳಿದ ನಲ್ಲಿಗಳನ್ನೂ ತಿರುಗಿಸಿದ. ಹದಿನಾಲ್ಕು ವರ್ಷ ನಾನು ಕೊಟ್ಟ ಕಾಗದಗಳು ಮಾಡದ ಕೆಲಸವನ್ನು ನಾಚಿಕೆಗೇಡಿನ ಒಂದು ಮಾತು ಮಾಡಿತ್ತು.

ಚಾಚಾ ಎದ್ದು ನಿಂತು ನನ್ನ ಮುಖ ನೋಡದೆ ಹೇಳಿದರು. 'ನಮ್ಮ ಮನ್ಯಾಕಿನೂ ಬಸ್ಸಿಗೆ ಹೋಗೂ ದಿನ ನೀರು ಬ್ಯಾಡಂತಿದ್ಲು. ನಲವತ್ತು ವರ್ಷ ಸಂಸಾರ ಮಾಡಿದ್ನಿ, ಯಾಕಂತ ಒಂದ ದಿನಾ ಕೇಳ್ಲಿಲ್ಲ. ಈಗ ಕೇಳೋಣ ಅಂದ್ರ ಆಕಿ ಇಲ್ಲ. ಮಾಫ್ ಮಾಡ್ರಿ ಮೇಡಂ.'

ನಾನು ಅವರಿಗೆ ಕೈ ಮುಗಿದೆ. ಅಷ್ಟರಲ್ಲಿ ವಾಟರ್‌ಮನ್‌ನ ತಾಯಿ ಬಂದು ನನ್ನ ರಟ್ಟೆ ಹಿಡಿದಳು. 'ಎರಡ ತಂಬಿಗಿ ಕುಡದೀದಿ, ನಡಿ ಮೊದ್ಲ' ಎಂದು ಎಳೆದುಕೊಂಡೇ ಹೊರಟಳು. ಹಿತ್ತಿಲಿನ ಅವರ ಸಂಡಾಸು ಸ್ವಚ್ಛವಾಗಿತ್ತು, ಬೆಂಡೂ ಇರಲಿಲ್ಲ, ಹೇಂಟೆಯೂ ಇರಲಿಲ್ಲ. ಅವಳು ಹೊರಗೆ ಕಾವಲು ನಿಂತು, ಅತ್ತ ಬಂದ ಮೊಮ್ಮಗನನ್ನು ಗದರಿ ಓಡಿಸಿದಳು.

ಕೈ ತೊಳೆದುಕೊಂಡು ಒಳಗೆ ಬಂದೆ. ಬಾಣಂತಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊರಸಿನ ಮೇಲೆ ಮಗಳು ಮಲಗಿದ್ದಳು, ಪಕ್ಕದಲ್ಲಿ ಕೂಸು ಕಾಣಲಿಲ್ಲ.

'ಕೂಸು ಎಲ್ಲೈತಿ?' ಎಂದೆ.

'ಎಣ್ಣಿ ಹಚ್ಚಿ ಎರದು ಮಲಗ್ಸೇನಿ,' ಎಂದು ಮುದುಕಿ ತೊಟ್ಟಿಲ ಬಟ್ಟೆ ಸರಿಸಿದಳು. ಕೂಸು ಎರಡೂ ಮುಷ್ಟಿ ಗಲ್ಲಕ್ಕೆ ಒತ್ತಿಕೊಂಡು ಗಡದ್ದಾಗಿ ನಿದ್ದೆ ಮಾಡುತ್ತಿತ್ತು. ನಾನು ಅದರ ಹೊಟ್ಟೆ ಮುಟ್ಟಿ ನೋಡಿದೆ, ಹಣೆ ಮುಟ್ಟಿ ನೋಡಿದೆ.

'ಕೂಸಿನ ಹಾಲಿಗೆ ಯಾವ ನೀರು ಹಾಕಾಕತ್ತೀಬೇ? ಖರೇ ಹೇಳು.'

'ಬಾವಿದು. ಯಾಕ?' ಎಂದವಳು ನನ್ನ ಮುಖ ನೋಡಿ ಗಾಬರಿಯಾದಳು. 'ಹಸೀ ನೀರು ಅಲ್ಲವಾ! ಬಾಣಂತಿ ಮನ್ಯಾಗ ಯಾರರ ಹಸೀ ನೀರು ಕೊಡ್ತಾರೇನ? ಅಲ್ಲಿ ನೋಡು.'

ಒಲೆಯ ಮೇಲೆ ತಾಮ್ರದ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಆರಲು ಇಟ್ಟ ಇನ್ನೊಂದು ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದ್ದಳು. ತನ್ನ ಅತ್ತೆಯ ಕಾಲದಿಂದ ಹೀಗೆಯೇ, ಮೂರು ಸಲ ಉಕ್ಕುವ ತನಕ ಇಳಿಸುವುದಿಲ್ಲ, ಬಾಣಂತಿಗೆ ಅಜಿವಾನ ಹಾಕಿದ್ದು, ಕೂಸಿಗೆ ಬರೀದು, ಕೂಸಿನ ಬಾಟಲಿಯೂ ಅದರಲ್ಲೇ ಕುದಿಯುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ನಾನು ಪೆಟ್ಟಿಗೆ ಹೊತ್ತುಕೊಂಡು ತಿರುಗಿ ಕಲಿಸಬೇಕಾದ ಪಾಠವನ್ನು ಅವಳು ಯಾವ ಪೆಟ್ಟಿಗೆಯೂ ಇಲ್ಲದೆ ಮಾಡಿಕೊಂಡು ಬಂದಿದ್ದಳು. ಹೋದ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮುದುಕಿ ಪಾಪ, ಸಂಡಾಸಿನಲ್ಲಿ ಏನೋ ಆಯಿತು ಅಂದುಕೊಂಡು ಬೆನ್ನು ಸವರಿದಳು.

ಆದರೆ ಕೂಸೊಂದೇ ಊರಲ್ಲ. ಹಸಿನೀರು ಕುಡಿದ ದೊಡ್ಡವರು, ಶಾಲೆ ಮಕ್ಕಳು ಎಷ್ಟೋ ಜನರಿದ್ದರು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಜಾಳಿಗೆಯನ್ನು ಮತ್ತೆ ಬಿಗಿಸಿಯೇ ಹೊರಟೆ. ಆಶಾ ಕಾರ್ಯಕರ್ತೆಗೆ ಹೇಳಿ ಮನೆಮನೆಗೆ ವಿಚಾರಿಸಲು ಕಳಿಸಿದೆ. ಮರುದಿನ ಮಧ್ಯಾಹ್ನ ಬಾವಿ ನೀರಿನ ಸೀಸೆ ಕಾಡಿಗೆಯಷ್ಟು ಕಪ್ಪಾಯಿತು. ಅದರ ಫೋಟೊ ತೆಗೆದು ವಾಟರ್‌ಮನ್‌ಗೆ ಕಳಿಸಿದೆ. ಮೊದಲಿನ ಫೋಟೊ ತಿರುಗಿದಲ್ಲೆಲ್ಲ ಇದೂ ತಿರುಗಲಿ ಎಂದು ಬರೆದೆ.

ಆಮೇಲೆ ಕಾಯುವುದು. ದಿನಕ್ಕೆ ಎರಡು ಸಲ ವಾಟರ್‌ಮನ್‌ಗೆ ಫೋನು ಮಾಡುತ್ತಿದ್ದೆ. ಶನಿವಾರ, 'ಒಬ್ಬ ಯಜಮಾನಗ ವಾಂತಿ ಭೇದಿ ಆಗಾಕತ್ತೈತ್ರಿ' ಎಂದ. ಊಟದ ತಟ್ಟೆ ಸರಿಸಿ ಎದ್ದೆ. ಸಂಜೆಯ ಹೊತ್ತಿಗೆ ಆ ಯಜಮಾನರು ಹಿಂದಿನ ದಿನ ಹತ್ತಿಮತ್ತೂರಿನ ಬೀಗರ ಮನೆಯಲ್ಲಿ ಸೀಕರಣೆ ಹೋಳಿಗೆ ಮುಗಿಸಿ, ಮೇಲೆ ಅರ್ಧ ಪೊಟ್ಟಣ ಸವಣೂರು ಖಾರದ ಕುರುಕಲು ತಿಂದಿದ್ದರೆಂದು ಗೊತ್ತಾಯಿತು. ಆ ವಾರವೆಲ್ಲ ಅಲ್ಲೇ ಉಳಿದಿದ್ದರಿಂದ ಬಾವಿ ನೀರನ್ನು ಅವರು ಮುಟ್ಟಿರಲೇ ಇಲ್ಲವಂತೆ. ಇನ್ನೊಬ್ಬರ ಹೊಟ್ಟೆಬಾಕತನ ನನಗೆ ಅಷ್ಟು ಖುಷಿ ಕೊಟ್ಟದ್ದು ಅದೇ ಮೊದಲು.

ಬುಧವಾರ ಹಿರೇಕೆರೂರಿನ ಕಡೆ ಒಂದು ಶಾಲೆಯ ಅಂಗಳದಲ್ಲಿದ್ದೆ. ನಲ್ಲಿಗೆ ಹನಿ ಹಾಕುವಾಗ ವಾಟರ್‌ಮನ್‌ನ ಫೋನು ಬಂತು. ಆಶಾ ಕಾರ್ಯಕರ್ತೆ ಕೊನೆಯ ಮನೆಯನ್ನೂ ಮುಗಿಸಿದ್ದಳು.

'ಯಾರಿಗೂ ಏನೂ ಆಗಿಲ್ರಿ ಮೇಡಮ್ಮಾರ. ಕೂಸು ತೂಕಾ ಹೆಚ್ಚಾಗೇತಿ. ನೀವಿನ್ನ ಅರಾಮ ಇರ್ರಿ.'

ವಾರದಿಂದ ಬಿಗಿದುಕೊಂಡಿದ್ದ ಭುಜ ಸಡಿಲಾಗಿ, ಅಲ್ಲಿದ್ದ ಕಟ್ಟೆಯ ಮೇಲೆ ಕೂತೆ. ಶಾಲೆಯ ಬಾಯಾರು, ಅಂದರೆ ಪಾಠ ಹೇಳುವ ಟೀಚರು, ನನಗಿಂತ ಚಿಕ್ಕವರು, ನೀರು ತಂದು ಹಿಡಿದರು. ತಳ ಕಾಣುವ ತನಕ ಕುಡಿದೆ. ಬಾಯೊರೆಸಿಕೊಂಡು, ಇನ್ನೂ ಮೂರು ಊರು ಬಾಕಿ ಇವೆ ಎಂದು ಲೆಕ್ಕ ಹಾಕಿ, ತಂಬಿಗೆ ವಾಪಸು ಕೊಡುತ್ತ ಸಹಜವಾದ ದನಿಯಲ್ಲೇ ಕೇಳಿದೆ.

'ನಿಮ್ಮಲ್ಲಿ ಸಂಡಾಸ ಎಲ್ಲೈತ್ರಿ ಬಾಯಾರ?'

ಅಂಗಳದಲ್ಲಿ ನಿಂತಿದ್ದ ಪಂಚಾಯಿತಿ ಗಂಡಸರಿಬ್ಬರು ತಟ್ಟನೆ ಅತ್ತ ಮುಖ ತಿರುಗಿಸಿದರು. ತಿರುಗಿಸಲಿ. ಬಾಯಾರು ಸೊಂಟದ ಬೀಗದಕೈ ತೆಗೆದುಕೊಂಡು, 'ಬರ್ರಿ, ನಾನೂ ಬರ್ತೇನಿ. ಮುಂಜಾನಿಂದ ನಾನೂ ನೀರು ಕುಡಿದಿಲ್ಲ' ಎಂದು, ಅಂಗಳ ದಾಟುವ ಮೊದಲು ಅದೇ ನಲ್ಲಿಯಿಂದ ಒಂದು ತಂಬಿಗೆ ತುಂಬಿ ಗಟಗಟ ಕುಡಿದರು.